ಕೆಲಸ ಒಂದೇ, ಸಂಬಳ ಯಾಕೆ ಬೇರೆ?

ಪ್ರಶ್ನೆ: ನಾನು, ನನ್ನ ಗೆಳತಿ ಒಂದೇ ಕೋರ್ಸ್ ಮುಗಿಸಿದವರು. ಇಬ್ಬರದೂ ಅಕೌಂಟ್ಸ್ ಕೆಲಸ. ಆದರೆ ಅವಳಿಗೆ ನನಗಿಂತ ತುಂಬಾ ಜಾಸ್ತಿ ಸಂಬಳ. ಹೊಸ ಸಾಫ್ಟ್‌ವೇರ್ ತರಬೇತಿಗೆ ಕಳಿಸಿ ಎಂದರೆ ನಮ್ಮ ಮಾಲೀಕರು ‘ಕಲಿತ ಮೇಲೆ ಬಿಟ್ಟು ಹೋಗ್ತೀರಿ’ ಎನ್ನುತ್ತಾರೆ. ಕೊರತೆ ನನ್ನಲ್ಲೇ ಇದೆಯಾ?

ಉತ್ತರ: ಇಲ್ಲ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಾನು ಬಹಳ ವರ್ಷ ಸಂಬಳದ ಪಟ್ಟಿ ತಯಾರಿಸುವ ವಿಭಾಗದಲ್ಲಿದ್ದೆ. ಹೊಸಬರ ಅರ್ಜಿಯಲ್ಲಿ ‘ಈಗಿನ ಸಂಬಳ’ ಎಂಬ ಕಾಲಂ ಇರುತ್ತಿತ್ತು. ಅದರ ಮೇಲೆ ಒಂದಿಷ್ಟು ಸೇರಿಸಿ ಹೊಸ ಸಂಬಳ ಗೊತ್ತು ಮಾಡುತ್ತಿದ್ದರು. ಮೊದಲ ಕೆಲಸದಲ್ಲಿ ಕಡಿಮೆ ಸಿಕ್ಕವರಿಗೆ ಮುಂದೆಯೂ ಕಡಿಮೆಯೇ. ಇದು ಅನ್ಯಾಯ ಎಂದು ನನಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆಯ ಸಂಬಳ ಕೇಳುವುದಕ್ಕೇ ಕಾನೂನಿನ ತಡೆಯಿದೆ.

ಯಾವ ಕಂಪನಿಗೆ ಸೇರುತ್ತೀರಿ ಎನ್ನುವುದರ ಮೇಲೂ ಸಂಬಳ ನಿಂತಿರುತ್ತದೆ. ಅಮೆರಿಕದಲ್ಲಿ 1978ರಿಂದ 2013ರವರೆಗಿನ ಸಂಬಳದ ದಾಖಲೆಗಳನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದ್ದಾರೆ. ಆ ಅವಧಿಯಲ್ಲಿ ಗಳಿಕೆಯ ಅಂತರ ಹೆಚ್ಚಿತು. ಆ ಹೆಚ್ಚಳದ ಮೂರರಲ್ಲಿ ಎರಡು ಪಾಲು ಕಂಪನಿ ಕಂಪನಿಗಳ ನಡುವೆ ಆದದ್ದು. ಹೆಚ್ಚು ಗಳಿಸುವವರು ಹೆಚ್ಚು ಕೊಡುವ ಕಡೆಯೇ ಗುಂಪುಗೂಡಿದ್ದು ಅದಕ್ಕೆ ಒಂದು ಕಾರಣ. ಜರ್ಮನಿಯಲ್ಲಂತೂ ಕ್ಲೀನಿಂಗ್, ಸೆಕ್ಯೂರಿಟಿ ಕೆಲಸಗಳನ್ನು ಹೊರಗಿನ ಗುತ್ತಿಗೆಗೆ ಕೊಟ್ಟಾಗ ಆ ಕೆಲಸಗಾರರ ಸಂಬಳ ಸುಮಾರು ಶೇ. 10ರಿಂದ 15ರಷ್ಟು ಇಳಿಯಿತು. ಪೊರಕೆ ಹಿಡಿದ ಕೈ ಅದೇ, ಸಂಬಳ ಕೊಡುವವರು ಮಾತ್ರ ಬೇರೆ!

ಇನ್ನು ತರಬೇತಿ. ನಿಮ್ಮ ಮಾಲೀಕರ ಭಯ ಹಳೆಯದು. ಎಲ್ಲ ಕಡೆ ಉಪಯೋಗಕ್ಕೆ ಬರುವ ಕೌಶಲಕ್ಕೆ ಕಂಪನಿ ದುಡ್ಡು ಹಾಕಲು ಹಿಂಜರಿಯುತ್ತದೆ, ತನ್ನಲ್ಲಿ ಮಾತ್ರ ಬಳಕೆಯಾಗುವುದನ್ನು ಕಲಿಸುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲೇ ವಿವರಿಸಿದ್ದರು. ಆದರೆ ಜರ್ಮನಿಯ ಎಷ್ಟೋ ಕಂಪನಿಗಳು ಅಪ್ರೆಂಟಿಸ್‌ಗಳಿಗೆ ತಮ್ಮ ಖರ್ಚಿನಲ್ಲೇ ಎಲ್ಲೆಡೆ ನಡೆಯುವ ಕೆಲಸ ಕಲಿಸುತ್ತವೆ. ಕಲಿತವರೆಲ್ಲ ಮರುದಿನವೇ ಹೊರಡುವುದಿಲ್ಲ. ಬೇರೆ ಕೆಲಸ ಹುಡುಕುವುದು ಸುಲಭವೂ ಅಲ್ಲ ಅಲ್ವಾ?

ಹಾಗಾಗಿ ಮಾಲೀಕರ ಬಳಿ ಇನ್ನೊಮ್ಮೆ ಕೇಳಿ. ಖರ್ಚು ಅವರದು, ಕಲಿಯಲು ಬೇಕಾದ ಸಮಯದ ಅರ್ಧ ಭಾಗ ನಿಮ್ಮ ಬಿಡುವಿನ ವೇಳೆಯದು ಎನ್ನಿ. ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಸಿಗುವ ಕೋರ್ಸನ್ನೇ ಆರಿಸಿ. ಇಷ್ಟು ವರ್ಷ ಬಿಡುವುದಿಲ್ಲ ಎಂಬ ಬಾಂಡ್ ಮುಂದಿಟ್ಟರೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಆ ಮೊತ್ತ ತಿಂಗಳು ಕಳೆದಂತೆ ಇಳಿಯುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯದೆ ಸಹಿ ಹಾಕಬೇಡಿ.