ಮಾಲೂರು ಕಡೆಯ ಹಳ್ಳಿಯಲ್ಲಿ ಚುನಾವಣೆಗೆ ಮುಂಚೆ ಏನು ಮಾಡಬಹುದು? ವೋಟರ್ ಲಿಸ್ಟಿನಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಇಷ್ಟು: ಮಾಲೂರು ತಾಲ್ಲೂಕಿನ ಒಂದು ಹಳ್ಳಿ, ಐದು ಜನ ಗೆಳೆಯರು, ಯಾವ ಪಕ್ಷಕ್ಕೂ ಸೇರಿದವರಲ್ಲ. ಮುಂದಿನ ಚುನಾವಣೆಗೆ ಮುಂಚೆ ಊರಲ್ಲಿ ಮತದಾರರ ಜಾಗೃತಿ ಮಾಡಬೇಕು. ಜಾಥಾ, ಬೀದಿನಾಟಕ, ಗೋಡೆಬರಹ, ಇವುಗಳಲ್ಲಿ ಯಾವುದರಿಂದ ಶುರು ಮಾಡೋದು?

ಮೂರನ್ನೂ ಸದ್ಯಕ್ಕೆ ಬದಿಗಿಡಿ ಅನ್ನೋದೇ ನನ್ನ ಉತ್ತರ. ವೋಟು ಹಾಕಬೇಕು ಅಂತ ನಮ್ಮ ಕಡೆ ಹಳ್ಳಿಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೆಡೋದು ಬೇರೆ ಕಡೆ. ಬೆಳಿಗ್ಗೆ ಕೆಲಸ ಬಿಟ್ಟು ಸಾಲಲ್ಲಿ ನಿಂತ ಹೆಣ್ಣುಮಗಳಿಗೆ 'ನಿಮ್ಮ ಹೆಸರಿಲ್ಲಮ್ಮ' ಅಂತ ಹೇಳಿ ವಾಪಸ್ ಕಳಿಸುತ್ತಾರೆ, ಅವತ್ತು ತಹಶೀಲ್ದಾರರೇ ಬಂದು ನಿಂತರೂ ಏನೂ ಮಾಡೋಕಾಗಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ನಿಮ್ಮ ಮಾಲೂರು ಕ್ಷೇತ್ರದಲ್ಲಿ ಘೋಷಣೆಯಾದ ಅಂತರ ಬರೀ 248 ಮತ. ಒಂದು ಸಣ್ಣ ಊರಿನ ಎರಡು ಬೀದಿಯ ವೋಟು ಅದು. ಹಾಗಾಗಿ ನಿಮ್ಮ ಬೂತಿನ ಪಟ್ಟಿಯಲ್ಲಿ ಹತ್ತು ಹೆಸರು ಸರಿಯಾದರೂ ಅದು ದೊಡ್ಡ ಕೆಲಸವೇ.

ಮೊದಲು ಸಮಯದ ಲೆಕ್ಕ ತಿಳಿದುಕೊಳ್ಳಿ. ನಾಮಪತ್ರ ಸಲ್ಲಿಸುವ ಕೊನೇ ದಿನ ಮುಗಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಒಂದು ಹೆಸರನ್ನೂ ಸೇರಿಸೋಕೆ ಕಾನೂನು ಬಿಡಲ್ಲ. ಅರ್ಜಿ ಕೊಟ್ಟ ಮೇಲೆ ಆಕ್ಷೇಪಣೆಗೆ ಅಂತ 7 ದಿನ ಬಿಡಬೇಕು, ಅದರ ಮೇಲೆ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ಮನೆಗೆ ಬಂದು ನೋಡಬೇಕು. ಅಂದರೆ ನಾಮಪತ್ರದ ಕೊನೇ ದಿನಕ್ಕೆ ಕಡಿಮೆ ಅಂದರೂ ಹತ್ತು ದಿನ ಮುಂಚೆ ಅರ್ಜಿ ಒಳಗೆ ಹೋಗಿರಬೇಕು. ಚುನಾವಣೆ ಘೋಷಣೆ ಆದಮೇಲೆ ಎದ್ದರೆ ಕೈಯಲ್ಲಿ ಉಳಿಯೋದು ಕೆಲವೇ ದಿನ, ಅಷ್ಟರಲ್ಲಿ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯವರು ತರಬೇತಿ, ಬಸ್ಸು, ಯಂತ್ರ ಅಂತ ಮುಳುಗಿಹೋಗಿರುತ್ತಾರೆ. ಮೂರು ತಿಂಗಳು ಮುಂಚೆ ಶುರು ಮಾಡಿ.

ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಜಿಲ್ಲೆ, ಕ್ಷೇತ್ರ, ಭಾಗ ಸಂಖ್ಯೆ ಆರಿಸಿದರೆ ನಿಮ್ಮ ಬೂತಿನ ಪಟ್ಟಿ ಪಿಡಿಎಫ್ ಆಗಿ ಸಿಗುತ್ತೆ. ಫೋಟೋ ಇರಲ್ಲ. ಒಂದು ಪುಟಕ್ಕೆ 30 ಹೆಸರು, ಅಡ್ಡಕ್ಕೆ ಮೂರು, ಉದ್ದಕ್ಕೆ ಹತ್ತರ ಹಾಗೆ ಚೌಕಗಳು. ಸಾವಿರ ಜನರ ಬೂತಾದರೆ ಸುಮಾರು 34 ಪುಟ, ಜೊತೆಗೆ ಮುಖಪುಟ. ಮೊಬೈಲಿನಲ್ಲಿ ನೋಡುತ್ತಾ ಮನೆಮನೆ ತಿರುಗಬೇಡಿ, ಆಗಲ್ಲ. ಪ್ರಿಂಟ್ ತೆಗೆಸಿ. ಕೊನೆಯಲ್ಲಿರುವ ಪೂರಕ ಪಟ್ಟಿಯನ್ನು ಬಿಡಬೇಡಿ, ತುಂಬ ಜನ ಬಿಡುತ್ತಾರೆ. ಹೊಸದಾಗಿ ಸೇರಿದವರು, ತೆಗೆದವರು ಅಲ್ಲಿರುತ್ತಾರೆ. ತೆಗೆದ ಹೆಸರಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ: ಇ ಅಂದರೆ ತೀರಿಕೊಂಡವರು, ಎಸ್ ಅಂದರೆ ಬೇರೆ ಕಡೆ ಹೋದವರು, ಆರ್ ಅಂದರೆ ಎರಡು ಸಲ ಬಂದಿರೋ ಹೆಸರು. ಇ ಅಂತ ಇರುವವರು ಬದುಕಿದ್ದಾರಾ, ಎಸ್ ಅಂತ ಇರುವವರು ಊರಲ್ಲೇ ಇದ್ದಾರಾ, ಇದನ್ನು ಪರೀಕ್ಷಿಸೋದೇ ನಿಮ್ಮ ಮೊದಲ ಸಂಜೆಯ ಕೆಲಸ. ಪಟ್ಟಿಯಿಂದ ತಪ್ಪಾಗಿ ಹೋದವರಿಗೆ ಗೊತ್ತಾಗೋದೇ ವೋಟಿನ ದಿನ.

ಒಂದು ಚೌಕವನ್ನು ಹತ್ತಿರದಿಂದ ನೋಡಿ. ಕ್ರಮಸಂಖ್ಯೆ, ಮೂರು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿಯ ಎಪಿಕ್ (ವೋಟರ್ ಕಾರ್ಡ್) ನಂಬರ್, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ. ನಮ್ಮ ಜಿಲ್ಲೆಯಲ್ಲಿ ಎಡವೋದು ಹೆಸರಿನಲ್ಲಿ ಮತ್ತು ಮನೆ ಸಂಖ್ಯೆಯಲ್ಲಿ. ಒಂದೇ ಊರಲ್ಲಿ ನಾಲ್ಕು ಜನ ಮುನಿಯಪ್ಪ, ಅವರಲ್ಲಿ ಇಬ್ಬರ ತಂದೆಯೂ ಮುನಿವೆಂಕಟಪ್ಪ, ಮನೆ ಸಂಖ್ಯೆ ಎಲ್ಲರಿಗೂ ಸೊನ್ನೆ ಅಥವಾ ಬರೀ ಗೆರೆ. ಇಂಥ ಕಡೆ ಕಂಪ್ಯೂಟರಿಗೆ 'ಒಂದೇ ಥರದ ನಮೂದು' ಅಂತ ಕಾಣುತ್ತೆ, ಪರಿಶೀಲನೆಯಲ್ಲಿ ಯಾರಾದರೂ ಅವಸರ ಮಾಡಿದರೆ ಬದುಕಿರುವ ಮುನಿಯಪ್ಪನ ಹೆಸರು ಹೋಗುತ್ತೆ. ಅದಕ್ಕೇ ಪಂಚಾಯಿತಿ ಖಾತೆಯಲ್ಲಿರುವ ಮನೆ ಸಂಖ್ಯೆಯನ್ನು ತಿದ್ದುಪಡಿಯ ಅರ್ಜಿಯಾದ ಫಾರಂ 8ರಲ್ಲಿ ಸರಿಪಡಿಸಿಕೊಳ್ಳೋದು ಚಿಕ್ಕ ಕೆಲಸ ಅಂತ ಬಿಡಬೇಡಿ. ಆಧಾರ್‌ನಲ್ಲಿ ವೆಂಕಟರಮಣಪ್ಪ, ಲಿಸ್ಟಿನಲ್ಲಿ ವೆಂಕಟರವಣಪ್ಪ ಅಂತಿದ್ದರೆ ಅದಕ್ಕೆ ಹೆದರಬೇಕಿಲ್ಲ. ವ್ಯಕ್ತಿ ಅವರೇ ಅಂತ ಗೊತ್ತಾದರೆ ಇಂಥ ಸಣ್ಣ ಅಕ್ಷರದೋಷಕ್ಕೆ ವೋಟು ತಡೆಯಬಾರದು ಅಂತಲೇ ಆಯೋಗದ ಸೂಚನೆ ಇದೆ. ಮನೆ ಸಂಖ್ಯೆ, ವಯಸ್ಸು, ಕಾರ್ಡಿನ ಮೇಲಿನ ಫೋಟೋ ಮೊದಲು ನೋಡಿ, ಅಕ್ಷರ ಆಮೇಲೆ.

ಐದು ಜನರಲ್ಲಿ ಇಬ್ಬಿಬ್ಬರ ಎರಡು ಜೋಡಿ ಮಾಡಿ, ಐದನೆಯವರು ಲೆಕ್ಕದ ಪುಸ್ತಕ ಇಟ್ಟುಕೊಳ್ಳಲಿ. ಒಂದು ಜೋಡಿ ಸಂಜೆಗೆ 25 ಮನೆ ಮುಗಿಸಿದರೆ 300 ಮನೆಯ ಊರು ಆರು ಸಂಜೆಯಲ್ಲಿ ಮುಗಿಯುತ್ತೆ. ಜೋಡಿಯಲ್ಲಿ ಒಬ್ಬ ಹೆಣ್ಣುಮಗಳು ಇದ್ದರೆ ಒಳಗಿನ ಮಾತು ಹೊರಗೆ ಬರುತ್ತೆ, ಇಲ್ಲದಿದ್ದರೆ ಮನೆಯ ಯಜಮಾನ 'ಎಲ್ಲರದ್ದೂ ಇದೆ' ಅಂತ ಹೇಳಿ ಕಳಿಸುತ್ತಾನೆ, ಸೊಸೆಯದ್ದು ಇರಲ್ಲ. ಮನೆಯಲ್ಲಿ ಸಿಗದವರಿಗೆ ಹಾಲಿನ ಡೈರಿ ಒಳ್ಳೆ ಜಾಗ. ಹಾಲು ಹಾಕೋಕೆ ದಿನಕ್ಕೆ ಎರಡು ಸಲ ಅರ್ಧ ಊರು ಅಲ್ಲಿ ಬಂದು ನಿಲ್ಲುತ್ತೆ. ಪಟ್ಟಿಯ ಪ್ರಿಂಟ್ ಹಿಡಿದು ಅಲ್ಲಿ ಒಂದು ಬೆಂಚಿನ ಮೇಲೆ ಕೂತರೆ ಜನರೇ ಬಂದು ತಮ್ಮ ಹೆಸರು ಹುಡುಕಿಸಿಕೊಳ್ಳುತ್ತಾರೆ.

ಮನೆಯಲ್ಲಿ ಕೇಳಬೇಕಾದ್ದು ನಾಲ್ಕೇ: 18 ತುಂಬಿದವರು ಯಾರಾದರೂ ಪಟ್ಟಿಯಲ್ಲಿ ಇಲ್ವಾ, ಮದುವೆಯಾಗಿ ಬಂದವರು ಹೋದವರು ಯಾರು, ತೀರಿಕೊಂಡವರು ಯಾರು, ನಡೆಯೋಕಾಗದವರು ಅಥವಾ ಕಣ್ಣು ಕಾಣದವರು ಇದ್ದಾರಾ. ಯಾರಿಗೆ ವೋಟು ಹಾಕುತ್ತೀರಿ ಅಂತ ಬಾಯಿತಪ್ಪಿಯೂ ಕೇಳಬೇಡಿ. ಒಂದು ಸಲ ಕೇಳಿದರೆ ಊರು ನಿಮ್ಮನ್ನು ಯಾವುದೋ ಪಕ್ಷದ ಲೆಕ್ಕಕ್ಕೆ ಹಾಕಿಬಿಡುತ್ತೆ, ಆಮೇಲೆ ಬಾಗಿಲು ತೆಗೆಯಲ್ಲ.

18ಕ್ಕೆ ಜನವರಿ 1 ಒಂದೇ ದಿನ ಅಲ್ಲ. 2022ರ ಆಗಸ್ಟಿನಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ನಾಲ್ಕು ಅರ್ಹತಾ ದಿನ ಇವೆ. 17 ದಾಟಿದವರು ಮುಂಗಡ ಅರ್ಜಿಯನ್ನೂ ಕೊಡಬಹುದು. ಮಾಲೂರು, ಕೋಲಾರದ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರನ್ನು ಈ ಲೆಕ್ಕದಲ್ಲಿ ಹಿಡಿಯಿರಿ.

ಈಗ ಫಾರಂ ವಿಚಾರ. ಅತಿ ಹೆಚ್ಚು ತಪ್ಪಾಗೋದು ಇಲ್ಲೇ. ಫಾರಂ 6 ಜೀವನದಲ್ಲಿ ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಮುಳಬಾಗಿಲಿನಿಂದ ಮದುವೆಯಾಗಿ ಬಂದ ಸೊಸೆಗೆ ತವರಿನಲ್ಲಿ ಕಾರ್ಡ್ ಇದ್ದರೆ ಅವಳಿಗೆ ಬೇಕಾದ್ದು ಫಾರಂ 8, ವಿಳಾಸ ಬದಲಾವಣೆ. ಕ್ಷೇತ್ರ ಬೇರೆಯಾದರೂ ಅದೇ ಫಾರಂ, ಎಪಿಕ್ ನಂಬರ್ ಹಾಗೇ ಉಳಿಯುತ್ತೆ, ಹಳೇ ಕಡೆಯ ಹೆಸರು ತಾನೇ ಹೋಗುತ್ತೆ. ಸೈಬರ್ ಸೆಂಟರಿನಲ್ಲಿ ಅವಸರಕ್ಕೆ ಫಾರಂ 6 ಹಾಕಿಬಿಡುತ್ತಾರೆ. ಆಗ ಅವಳ ಹೆಸರು ಎರಡು ಕಡೆ ಬರುತ್ತೆ. ಎರಡು ಕಡೆ ಇರೋದು ಕಾನೂನಿಗೆ ವಿರುದ್ಧ, ಹೆಸರು ಬೇರೆ ಕಡೆ ಇಲ್ಲ ಅಂತ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಶಿಕ್ಷೆಯೂ ಇದೆ. ಏನೂ ಅರಿಯದ ಹೆಣ್ಣುಮಗಳ ತಲೆಗೆ ಅದು ಬರಬಾರದು. ಹಾಗಾಗಿ ಯಾವ ಫಾರಂ ತುಂಬುವ ಮುಂಚೆಯೂ 'ಮುಂಚೆ ಎಲ್ಲಾದರೂ ವೋಟು ಹಾಕಿದ್ದೀರಾ' ಅಂತ ಕೇಳಿ.

ಫೋನ್ ನಂಬರ್ ಅರ್ಜಿದಾರರದ್ದೇ ಇರಲಿ, ನಿಮ್ಮದು ಕೊಡಬೇಡಿ. ಒಟಿಪಿ, ಅರ್ಜಿಯ ಸ್ಥಿತಿ ಎಲ್ಲ ಅವರಿಗೇ ಹೋಗಬೇಕು. ಆಧಾರ್ ಜೆರಾಕ್ಸ್ ಗುಡ್ಡೆ ಹಾಕಿಕೊಂಡು ಮನೆಗೆ ತರಬೇಡಿ, ಫೋಟೋ ಹೊಡೆದುಕೊಂಡು ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ. ನಿಮ್ಮ ಪುಸ್ತಕದಲ್ಲಿ ಹೆಸರು, ಕ್ರಮಸಂಖ್ಯೆ, ಯಾವ ಫಾರಂ, ಯಾವತ್ತು ಕೊಟ್ಟಿದ್ದು, ರೆಫರೆನ್ಸ್ ನಂಬರ್, ಇಷ್ಟೇ ಸಾಕು. ಗುಂಪಾಗಿ ಕಂತೆ ಕಂತೆ ಅರ್ಜಿ ತಂದರೆ ತೆಗೆದುಕೊಳ್ಳೋದಿಲ್ಲ, ಹಾಗಾಗಿ ಪ್ರತಿ ಮನೆಯವರೇ ತಮ್ಮದನ್ನು ಬಿಎಲ್‌ಒಗೆ ಕೊಡಲಿ ಅಥವಾ ಆನ್‌ಲೈನ್ ಹಾಕಲಿ.

ಬಿಎಲ್‌ಒ ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆ ಮೇಷ್ಟ್ರು, ಅವರ ಮೂಲ ಕೆಲಸದ ಮೇಲೆ ಇದು ಹೆಚ್ಚುವರಿ ಹೊರೆ. ಜಗಳಕ್ಕೆ ಹೋಗಬೇಡಿ. ವಾರಕ್ಕೆ ಹತ್ತು ಹದಿನೈದು ಹೆಸರಿನ ಚೀಟಿ, ಬೀದಿಯ ಕ್ರಮದಲ್ಲಿ ಬರೆದುಕೊಟ್ಟರೆ ಅವರಿಗೂ ಸಲೀಸು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರ ಮನೆಗೆ ಅವರು ಹಗಲು ಬಂದರೆ ಬೀಗ ಇರುತ್ತೆ, 'ವಾಸವಿಲ್ಲ' ಅಂತ ಷರಾ ಬೀಳುತ್ತೆ, ಅರ್ಜಿ ತಿರಸ್ಕಾರ. ಇಂಥವರು ಎಷ್ಟು ಹೊತ್ತಿಗೆ ಮನೆಯಲ್ಲಿರುತ್ತಾರೆ ಅಂತ ಚೀಟಿಯಲ್ಲೇ ಬರೆಯಿರಿ. ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವರು ಊರಿನ ಮತದಾರರೇ, ಅದರಲ್ಲಿ ಅನುಮಾನ ಇಲ್ಲ. ವೈಟ್‌ಫೀಲ್ಡ್‌ನಲ್ಲಿ ಮನೆ ಮಾಡಿಕೊಂಡು ಹಬ್ಬಕ್ಕೆ ಬರುವವರ ವಿಷಯ ಬೇರೆ. ಊರಲ್ಲಿ ಬರೀ ಮನೆ, ಜಮೀನು ಇದ್ದ ಮಾತ್ರಕ್ಕೆ ಅಲ್ಲಿನ ನಿವಾಸಿ ಆಗಲ್ಲ. ಅವರಿಗೆ ನಿಯಮ ಹೇಳಿ, ಎಲ್ಲಿ ನಿಜವಾಗಿ ವಾಸ ಇದ್ದಾರೋ ಅಲ್ಲೇ ಇರಲಿ, ಒತ್ತಾಯ ಮಾಡಬೇಡಿ.

ಫಾರಂ 7 ಬಗ್ಗೆ ನನ್ನ ಮಾತು ಕಟ್ಟುನಿಟ್ಟು: ಹೆಸರು ತೆಗೆಸುವ ಅರ್ಜಿಯನ್ನು ನಿಮ್ಮ ಗುಂಪು ಕೈಯಿಂದ ಮುಟ್ಟಬೇಡಿ. ತೀರಿಕೊಂಡವರ ಮನೆಯವರು ಮರಣ ಪ್ರಮಾಣಪತ್ರದ ಜೊತೆ ತಾವೇ ಕೊಡಲಿ. 2023ರ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಿರಿ ಅಂತ 6,018 ಅರ್ಜಿ ಆನ್‌ಲೈನಿನಲ್ಲಿ ಬಂದಿದ್ದವು, ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಬೇರೆಯವರ ಹೆಸರಲ್ಲಿ ಅರ್ಜಿ ಹಾಕಿದ್ದು ಅಲ್ಲಿ ಬಯಲಾಯಿತು. ಹಾಗಾಗಿ ತೆಗೆಸೋದಕ್ಕಿಂತ ಕಾಯೋದು ನಿಮ್ಮ ಕೆಲಸ. ಪ್ರತಿ ಹದಿನೈದು ದಿನಕ್ಕೊಮ್ಮೆ ನಿಮ್ಮ ಊರಿನವರ ಎಪಿಕ್ ನಂಬರ್ ಆನ್‌ಲೈನಿನಲ್ಲಿ ಹಾಕಿ ಹೆಸರು ಇದೆಯಾ ನೋಡುತ್ತಿರಿ. ಯಾರ ಹೆಸರನ್ನೇ ಆಗಲಿ ತೆಗೆಯುವ ಮುಂಚೆ ಅವರ ಮಾತು ಕೇಳೋಕೆ ಅವಕಾಶ ಕೊಡಲೇಬೇಕು. ಆದೇಶ ತಪ್ಪಾಗಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ. ಬಾಯಿಮಾತಲ್ಲಿ ಹೇಳಿ ಬರಬೇಡಿ, ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿದರೂ ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಗ್ರಾಮ ಪಂಚಾಯಿತಿ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ, ಆದರೆ ಪಟ್ಟಿಗೆ ಆಧಾರ ಇದೇ ವಿಧಾನಸಭೆಯ ಪಟ್ಟಿ. ಅದನ್ನು ವಾರ್ಡುಗಳಾಗಿ ಒಡೆಯುವಾಗ ಒಂದೇ ಮನೆಯ ಅಪ್ಪ ಒಂದು ವಾರ್ಡಿಗೆ, ಮಗ ಇನ್ನೊಂದಕ್ಕೆ ಹೋಗಿಬಿಡುತ್ತಾರೆ. ಕರಡು ಪಟ್ಟಿಯನ್ನು ಪಂಚಾಯಿತಿಯಲ್ಲಿ ಹಾಕಿದ ದಿನವೇ ಹೋಗಿ ಬೀದಿ ಪ್ರಕಾರ ತಾಳೆ ನೋಡಿ, ಆಕ್ಷೇಪಣೆಗೆ ಕೊಡುವ ದಿನ ಕಡಿಮೆ.

ಕೈಲಾಗದವರ ಪಟ್ಟಿ ಮಾಡಿದ್ದೀರಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತೆ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ 85 ದಾಟಿದವರು, ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ವೋಟು ಹಾಕಬಹುದು. ಅದಕ್ಕೆ ಫಾರಂ 12ಡಿ. ಅಧಿಸೂಚನೆ ಹೊರಟ 5 ದಿನದೊಳಗೆ ಕೊಡಬೇಕು, ಆರನೇ ದಿನ ತಗೊಳ್ಳಲ್ಲ. ಬೂತಿಗೇ ಬರುವ ಕಣ್ಣು ಕಾಣದವರ ಜೊತೆ 18 ತುಂಬಿದ ಒಬ್ಬರು ಹೋಗಬಹುದು, ಆದರೆ ಒಬ್ಬರು ಒಬ್ಬರಿಗೆ ಮಾತ್ರ ಜೊತೆಗಾರ. ನೀವೇ ಆಟೋ ಬಾಡಿಗೆ ಹಿಡಿದು ಜನರನ್ನು ಸಾಗಿಸೋಕೆ ಹೋಗಬೇಡಿ. ಮತದಾರರನ್ನು ಪುಕ್ಕಟೆ ಸಾಗಿಸೋದು ಅಭ್ಯರ್ಥಿಗೆ ತಳುಕು ಹಾಕಿಕೊಂಡರೆ ಚುನಾವಣಾ ಅಕ್ರಮ ಆಗುತ್ತೆ. ಚುನಾವಣಾ ಆಯೋಗದ ಇಸಿಐನೆಟ್ ಆ್ಯಪ್‌ನ ಸಕ್ಷಮ್ ವಿಭಾಗದಲ್ಲೋ 1950ರಲ್ಲೋ ಗಾಲಿಕುರ್ಚಿ, ವಾಹನ ಕೇಳಿ.

ದುಡ್ಡು, ಸೀರೆ, ಕುಕ್ಕರ್ ಹಂಚೋದು ಕಂಡರೆ ದೂರು ಕೊಡೋಕೆ ಅದೇ ಇಸಿಐನೆಟ್ ಆ್ಯಪ್‌ನಲ್ಲಿ ಸಿ-ವಿಜಿಲ್ ವಿಭಾಗ ಇದೆ. ಫೋಟೋ ಅಥವಾ ಎರಡು ನಿಮಿಷದವರೆಗಿನ ವಿಡಿಯೋ ಆ್ಯಪ್ ಒಳಗೇ ತೆಗೆಯಬೇಕು, ವಾಟ್ಸಾಪಿನಲ್ಲಿ ಬಂದಿದ್ದನ್ನು ಹಾಕೋಕಾಗಲ್ಲ. ಹೆಸರು ಹೇಳದೆಯೂ ಕಳಿಸಬಹುದು, 100 ನಿಮಿಷದಲ್ಲಿ ಕ್ರಮ ಅನ್ನೋದು ಅದರ ಗುರಿ. ಎದುರು ನಿಂತು ವಾದ ಮಾಡಬೇಡಿ, ಊರಲ್ಲಿ ನಾಳೆಯೂ ಬದುಕಬೇಕು.

ವೋಟಿನ ಹಿಂದಿನ ದಿನ ಡೈರಿ ಹತ್ತಿರ ಹೇಳಬೇಕಾದ ಮಾತು ಕೆಲವಿವೆ. ಮನೆಗೆ ಬರುವ ವೋಟರ್ ಸ್ಲಿಪ್ ಗುರುತಿನ ದಾಖಲೆ ಅಲ್ಲ. ಎಪಿಕ್ ಕಾರ್ಡ್ ಸಿಗದಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್ ನಡೆಯುತ್ತೆ. ಕಾರ್ಡ್ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ. ಕಾರ್ಖಾನೆಯಲ್ಲಿರಲಿ, ಇಟ್ಟಿಗೆ ಗೂಡಿನಲ್ಲಿರಲಿ, ದಿನಗೂಲಿಯವರಿಗೂ ಅವತ್ತು ಸಂಬಳ ಸಹಿತ ರಜೆ ಕೊಡಬೇಕು.

ಬೂತಿನಲ್ಲಿ 'ನೀವು ಊರು ಬಿಟ್ಟವರ ಪಟ್ಟಿಯಲ್ಲಿದ್ದೀರಿ' ಅಂದರೆ ವಾಪಸ್ ಬರಬೇಡಿ ಅಂತ ಹೇಳಿ. ಮುಖ್ಯ ಪಟ್ಟಿಯಲ್ಲಿ ಹೆಸರಿದ್ದು ಗುರುತು ತೋರಿಸಿದರೆ, ಹೆಚ್ಚಿನ ಪರಿಶೀಲನೆ ಮಾಡಿ ವೋಟು ಹಾಕೋಕೆ ಬಿಡಲೇಬೇಕು. ನಿಮ್ಮ ವೋಟು ಆಗಲೇ ಯಾರೋ ಹಾಕಿದ್ದಾರೆ ಅಂದರೆ ಮತಗಟ್ಟೆ ಅಧ್ಯಕ್ಷಾಧಿಕಾರಿಯ ಹತ್ತಿರ ಟೆಂಡರ್ಡ್ ವೋಟು ಕೇಳಿ, ಅದನ್ನು ಕಾಗದದ ಮತಪತ್ರದಲ್ಲಿ ಹಾಕಿಸಿ ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಗುಂಡಿ ಒತ್ತಿದ ಮೇಲೆ ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತೆ, ನೋಡಿಯೇ ಈಚೆ ಬರಲಿ. ನೀವು ಐವರು ನಿಲ್ಲೋದಾದರೆ ಬೂತಿನಿಂದ 100 ಮೀಟರ್ ಆಚೆಗೇ ಇರಿ, ಪ್ರಚಾರ ಅಂತ ಯಾರೂ ಬೊಟ್ಟು ಮಾಡಬಾರದು. ಸಂಜೆ ರೈಲಿಳಿದು ಓಡಿಬರುವವರಿಗೆ ಒಂದು ಮಾತು ತಲುಪಿಸಿ: ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತಿದ್ದರೆ ಸಾಕು, ಕೊನೆಯವರಿಂದ ಹಿಡಿದು ಎಲ್ಲರಿಗೂ ಚೀಟಿ ಕೊಡುತ್ತಾರೆ, ಎಷ್ಟು ಹೊತ್ತಾದರೂ ವೋಟು ಹಾಕಿಸಿಯೇ ಬಾಗಿಲು ಹಾಕುತ್ತಾರೆ.