6 ಇಂಚಿನ ಇ-ರೀಡರಲ್ಲಿ ಸ್ಕ್ಯಾನ್ ಪುಸ್ತಕ, ಮ್ಯಾಪು ಎಲ್ಲ ಝೂಮ್ ಮಾಡಿ ಓದೋದು ಹೆಂಗೆ?

ನೀವು ಕೇಳಿರೋದು ಇಷ್ಟು ತಾನೆ? ಆರ್ಕೈವ್ ಡಾಟ್ ಆರ್ಗ್ ಅನ್ನೋ ಫ್ರೀ ಡಿಜಿಟಲ್ ಲೈಬ್ರರಿಯಿಂದ ಇಳಿಸ್ಕೊಂಡ ಹಳೇ ಕನ್ನಡ ಪುಸ್ತಕ 6 ಇಂಚಿನ ರೀಡರಲ್ಲಿ ಇರುವೆ ಸಾಲಿನ ಥರ ಕಾಣತ್ತೆ, ಝೂಮ್ ಮಾಡಿದ್ರೆ ಸಾಲಿನ ಕೊನೆ ಆಚೆ ಓಡಿಹೋಗತ್ತೆ, ಬೆರಳಲ್ಲಿ ಎಳೆದ್ರೆ ಪರದೆ ಮಿಣಕ್ ಮಿಣಕ್ ಅಂದು ಹಿಂದಿನ ಅಕ್ಷರದ ನೆರಳು ಹಂಗೇ ಉಳ್ಕೊಳತ್ತೆ, ಏನ್ ಮಾಡೋದು ಅಂತ. ನಾನೂ ಇದೇ ಗೋಳಾಟ ಎರಡು ವರ್ಷ ಪಟ್ಟಿದೀನಿ. ಕೊನೆಗೆ ಅರ್ಥ ಆಗಿದ್ದು ಏನಂದ್ರೆ ಈ ಡಬ್ಬದಲ್ಲಿ ಝೂಮ್ ಮಾಡೋ ಪ್ರಸಂಗನೇ ಬರದಂಗೆ ಫೈಲನ್ನ ಮೊದ್ಲೇ ಸರಿ ಮಾಡ್ಕೊಂಡ್ಬಿಡ್ಬೇಕು.

ಯಾಕೆ ಅಂದ್ರೆ, ರೀಡರಿನ ಇ-ಇಂಕ್ ಪರದೆ ಒಳಗಡೆ ಕಪ್ಪು ಬಿಳಿ ಕಣಗಳು ತುಂಬಿರೋ ಸಣ್ಣ ಸಣ್ಣ ಗುಳಿಗೆಗಳಿರ್ತವೆ, ವೋಲ್ಟೇಜ್ ಕೊಟ್ಟಾಗ ಆ ಕಣಗಳು ನಿಜವಾಗ್ಲೂ ಮೇಲಕ್ಕೋ ಕೆಳಕ್ಕೋ ಸರಿದು ಹೋಗ್ಬೇಕು. 16 ಬೂದು ಛಾಯೆನೂ ನೀಟಾಗಿ ಬರೋ ಹಂಗೆ ಪೂರ್ತಿ ಪರದೆ ಬದಲಾಯಿಸೋಕೆ ಹೆಚ್ಚುಕಮ್ಮಿ ಅರ್ಧ ಸೆಕೆಂಡ್ ಬೇಕು. ಫೋನು ಅದೇ ಕೆಲಸನ ಸೆಕೆಂಡಿಗೆ 60 ಸಲ ಮಾಡತ್ತೆ. ಬರೀ ಕಪ್ಪು ಬಿಳಿ ತೋರಿಸೋ ಫಾಸ್ಟ್ ಮೋಡ್ ಒಂದಿದೆ, ಆದ್ರೆ ನೀವು ಹೇಳಿದ ಆ ನೆರಳು ಬರೋದೇ ಅದರಿಂದ. ಇದರ ಮೇಲೆ ಆರ್ಕೈವ್ ಪಿಡಿಎಫ್ ಗಳಲ್ಲಿ ಬಹಳಷ್ಟು ಪುಟಗಳು ಜೆಪೆಗ್ 2000 ಅನ್ನೋ ಥರದಲ್ಲಿ ಒತ್ತಿ ಚಿಕ್ಕದು ಮಾಡಿದ ಚಿತ್ರಗಳು, ರೀಡರಿನ ಬಡಪಾಯಿ ಪ್ರೊಸೆಸರ್ ಅದನ್ನ ಬಿಡಿಸಿ ದೊಡ್ಡದು ಮಾಡಿ ತೋರಿಸೋಷ್ಟ್ರಲ್ಲಿ ಕಾಫಿ ಆರಿರತ್ತೆ.

ಈಗ ಒಂದು ಸಣ್ಣ ಲೆಕ್ಕ. 1072 x 1448 ಪಿಕ್ಸೆಲ್, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಇರೋ 6 ಇಂಚಿನ ಪರದೆ ಅಂದ್ರೆ ಅಗಲ ಸುಮಾರು 91 ಮಿಲಿಮೀಟರ್, ಉದ್ದ ಸುಮಾರು 122. ನಮ್ಮ ಕನ್ನಡ ಪುಸ್ತಕಗಳ ಒಳಪುಟದಲ್ಲಿ "ಡೆಮಿ 1/8" ಅಂತ ಹಾಕಿರ್ತಾರಲ್ಲ, ಆ ಸೈಜಿನ ಪುಟ ಸುಮಾರು 140 ಮಿಮೀ ಅಗಲ. ಪುಟದ ಪೂರ್ತಿ ಅಗಲನ ಪರದೆ ಅಗಲಕ್ಕೆ ತುರುಕಿದ್ರೆ 65 ಪರ್ಸೆಂಟಿಗೆ ಕುಗ್ಗಿತು. ಆದ್ರೆ ಪುಟದ ಸುತ್ತ ಇರೋ ಖಾಲಿ ಜಾಗ ಕತ್ತರಿಸಿ ಹಾಕಿದ್ರೆ ಅಕ್ಷರ ಇರೋ ಭಾಗ 108 ಮಿಮೀ ಆಸುಪಾಸು, ಆಗ 84 ಪರ್ಸೆಂಟ್. ಅದನ್ನೇ ರೀಡರ್ ಅಡ್ಡ ಹಿಡ್ಕೊಂಡು ಓದಿದ್ರೆ 113, ಅಂದ್ರೆ ಅಚ್ಚಾದ ಪುಸ್ತಕಕ್ಕಿಂತ ದಪ್ಪ ಅಕ್ಷರ! ಒಂದು ಪುಟಕ್ಕೆ ಎರಡು ಮೂರು ಸಲ ತಿರುವಬೇಕು ಅಷ್ಟೆ. ಕ್ರೌನ್ ಸೈಜಿನ ಹಳೇ ಕಾದಂಬರಿಗಳು ಇನ್ನೂ ಚಿಕ್ಕವು, ಅಂಚು ಕತ್ತರಿಸಿದ್ರೆ ನೆಟ್ಟಗೆ ಹಿಡ್ಕೊಂಡೇ ಓದಬಹುದು.

ಈ ಕತ್ತರಿಸೋ ಕೆಲಸಕ್ಕೆ ಕೆಓರೀಡರ್ ಅನ್ನೋ ಫ್ರೀ ಆಪ್ ಸಾಕು. ಕೋಬೋ ಕಂಪನಿ ರೀಡರಲ್ಲಿ ಸುಲಭವಾಗಿ ಹಾಕ್ಕೋಬಹುದು, ಕಿಂಡಲಲ್ಲಿ ಜೈಲ್‌ಬ್ರೇಕ್, ಅಂದ್ರೆ ಕಂಪನಿ ಹಾಕಿರೋ ಬೀಗ ತೆಗೆಯೋ ಕೆಲಸ, ಮಾಡ್ಬೇಕು (ಎಲ್ಲ ಮಾಡೆಲ್ಲಿಗೂ ಆಗಲ್ಲ, ಮಾಡಿದ್ರೆ ನಿಮ್ಮ ಜವಾಬ್ದಾರಿ). ಅದರಲ್ಲಿ ಪಿಡಿಎಫ್ ತೆಗೆದು ಕೆಳಗಿನ ಮೆನುನಲ್ಲಿ ಕ್ರಾಪ್ ಆಟೋ ಇಡಿ, ಪುಟದ ಅಗಲಕ್ಕೆ ಫಿಟ್ ಮಾಡಿ, ಆಮೇಲೆ ಕಾಂಟ್ರಾಸ್ಟ್ ಏರಿಸಿ. ಕಾಂಟ್ರಾಸ್ಟ್ ಅನ್ನ ಜನ ಮರೆತೇ ಬಿಡ್ತಾರೆ. ಹಳದಿ ಹಿಡಿದ ಕಾಗದ ಇ-ಇಂಕಲ್ಲಿ ಬೂದಿ ಬಣ್ಣ ಆಗತ್ತೆ, ಅದರ ಮೇಲೆ ಮಾಸಿದ ಕಪ್ಪು ಅಕ್ಷರ ಇದ್ರೆ ಎಷ್ಟು ದೊಡ್ಡದು ಮಾಡಿದ್ರೂ ಕಣ್ಣಿಗೆ ಕಷ್ಟನೇ. ಹಿನ್ನೆಲೆ ಬೆಳ್ಳಗಾದ್ರೆ ಸಣ್ಣ ಅಕ್ಷರನೂ ಎದ್ದು ಕಾಣತ್ತೆ.

ಕನ್ನಡಕ್ಕೆ ಇದು ಯಾಕೆ ಜಾಸ್ತಿ ಮುಖ್ಯ ಅಂದ್ರೆ ನಮ್ಮ ಲಿಪಿನಲ್ಲಿ ವ್ಯತ್ಯಾಸ ಎಲ್ಲ ಚೂರುಪಾರಲ್ಲಿದೆ. ದ ಮತ್ತೆ ಧ, ಡ ಮತ್ತೆ ಢ, ಹೊಟ್ಟೆ ಕೆಳಗೆ ಒಂದು ಸಣ್ಣ ಗೆರೆ ಬಿಟ್ರೆ ಎರಡೂ ಒಂದೇ. "ರಾಷ್ಟ್ರ" ಅಂತ ಬಂದ್ರೆ ಟ ಒತ್ತು, ರ ಒತ್ತು ಎರಡೂ ಕೆಳಗೆ ಒಂದು ಕಪ್ಪು ಗುಡ್ಡೆ ಆಗಿ ಕೂತ್ಕೊಳತ್ತೆ. ಇಂಗ್ಲಿಷ್ ಪುಸ್ತಕ ಓದೋರು "ನಂಗೇನೂ ತೊಂದ್ರೆ ಇಲ್ವಲ್ಲ" ಅಂತ ಕಾಮೆಂಟ್ ಹಾಕೋದು ಇದಕ್ಕೇ.

ಕೆಓರೀಡರ್ ಹಾಕೋಕಾಗಲ್ಲ ಅಂದ್ರೆ ಕಂಪ್ಯೂಟರಲ್ಲಿ ಕೆ2ಪಿಡಿಎಫ್ಆಪ್ಟ್ ಅನ್ನೋ ಫ್ರೀ ಪ್ರೋಗ್ರಾಂ ಬಳಸಿ. ಅದಕ್ಕೆ ಪದ ಪದ ಬಿಡಿಸಿ ಹೊಸದಾಗಿ ಸಾಲು ಜೋಡಿಸೋ ಶಕ್ತಿ ಇದೆ, ಆದ್ರೆ ಒತ್ತಾಗಿ ಅಚ್ಚು ಹಾಕಿರೋ ಕನ್ನಡ ಪುಟದಲ್ಲಿ ಅದನ್ನ ನಂಬಬೇಡಿ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗಿದ್ರೆ ಸಾಲು ಎಲ್ಲಿ ಮುಗೀತು ಅಂತ ಅದಕ್ಕೆ ಗೊತ್ತಾಗಲ್ಲ, ನಂಗೆ ಒಂದ್ಸಲ ಒತ್ತುಗಳೆಲ್ಲ ಕಿತ್ಕೊಂಡು ಮುಂದಿನ ಸಾಲಿನ ನೆತ್ತಿ ಮೇಲೆ ಬಂದು ಕೂತಿದ್ವು. ಫಿಟ್ ವಿಡ್ತ್ ಮೋಡ್ ಇಟ್ರೆ ಸಾಲು ಮುರಿಯಲ್ಲ, ಅಂಚು ತೆಗೆದು ಅಡ್ಡ ಪುಟಗಳಾಗಿ ಕೊಯ್ದು ಕೊಡತ್ತೆ. ಅದು ಸಾಕು.

ಇನ್ನು ಮ್ಯಾಪು, ಚಾರ್ಟು. ಇಲ್ಲಿ ಪ್ಯಾನಿಂಗ್, ಅಂದ್ರೆ ದೊಡ್ಡದು ಮಾಡಿ ಆಕಡೆ ಈಕಡೆ ಸರಿಸಿ ನೋಡೋದು, ಬೇಕೇ ಬೇಕು ಅನ್ಸತ್ತೆ, ಆದ್ರೆ ಬೆರಳಲ್ಲಿ ಎಳೆಯೋ ಬದಲು ಪುಟ ತಿರುವೋದನ್ನೇ ಪ್ಯಾನ್ ಮಾಡ್ಕೊಳಿ. ನನ್ನತ್ರ ಕಾವೇರಿ ಕಣಿವೆಯ ಒಂದು ನಕ್ಷೆ ಇತ್ತು, 3000 x 2700 ಪಿಕ್ಸೆಲ್. ರೀಡರಲ್ಲಿ ಹೇಮಾವತಿ ಎಲ್ಲಿ ಬಂದು ಸೇರತ್ತೆ ಅಂತ ನೋಡೋಕೆ ಹೋದ್ರೆ ಹುಳದ ಥರ ಗೆರೆಗಳು. ಅದನ್ನ ಪರದೆ ಅಳತೆಗೇ, 1072 x 1448 ಕ್ಕೆ, ಅಡ್ಡಕ್ಕೆ ಮೂರು ಉದ್ದಕ್ಕೆ ಎರಡು ಅಂತ ಆರು ತುಂಡು ಮಾಡ್ದೆ. ಅಡ್ಡಕ್ಕೆ ಅಕ್ಕಪಕ್ಕದ ತುಂಡುಗಳು ನೂರು ಚಿಲ್ಲರೆ ಪಿಕ್ಸೆಲ್ ಒಂದರ ಮೇಲೊಂದು ಬರ್ತವೆ, ಮೇಲಿನ ಸಾಲು ಕೆಳಗಿನ ಸಾಲು ಸೇರೋ ಕಡೆ ಇನ್ನೂ ಜಾಸ್ತಿ, ಆ ಒಂದರ ಮೇಲೊಂದು ಬರೋ ಭಾಗ ಬಿಡಬೇಡಿ, ಇಲ್ಲಾಂದ್ರೆ ಊರಿನ ಹೆಸರು ನಡುವೆ ಕತ್ತರಿಸಿ "ಶ್ರೀರಂಗ" ಒಂದು ಕಡೆ "ಪಟ್ಟಣ" ಒಂದು ಕಡೆ ಆಗತ್ತೆ. ಮೊದಲ ಪುಟಕ್ಕೆ ಪೂರ್ತಿ ನಕ್ಷೆ ಸಣ್ಣದಾಗಿ, ಆಮೇಲೆ ಆರು ತುಂಡು, ಫೈಲುಗಳಿಗೆ 01, 02 ಅಂತ ಹೆಸರಿಟ್ಟು ಜಿಪ್ ಮಾಡಿ ಸಿಬಿಝಡ್ (.cbz) ಅಂತ ಎಕ್ಸ್‌ಟೆನ್ಶನ್ ಬದಲಾಯಿಸಿದ್ರೆ ಮುಗೀತು, ಕೆಓರೀಡರ್ ಕಾಮಿಕ್ ಪುಸ್ತಕದ ಥರ ತೆರೆಯತ್ತೆ. ಒಂದು ತುಂಡಿನ ಪಿಕ್ಸೆಲ್ಲಿಗೆ ಪರದೆಯ ಒಂದು ಪಿಕ್ಸೆಲ್, ಅದಕ್ಕಿಂತ ಶಾರ್ಪ್ ಆಗಿ ಆ ಪರದೆ ತೋರಿಸೋಕೇ ಆಗಲ್ಲ.

ಇಪಬ್ (ಅಕ್ಷರದ ಸೈಜ್ ಬದಲಾಯಿಸ್ಕೊಳೋಕಾಗೋ ಇ-ಪುಸ್ತಕದ ಫೈಲ್) ಒಳಗಿನ ಚಿತ್ರದ ವಿಷಯ ಬೇರೆ. ಕೆಓರೀಡರಲ್ಲಿ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದ್ರೆ ಅದು ಮಾತ್ರ ತೆರ್ಕೊಳತ್ತೆ, ತಿರುಗಿಸಬಹುದು, ಒರಿಜಿನಲ್ ಸೈಜಲ್ಲಿ ನೋಡಬಹುದು. ಹಂಗೆ ಮಾಡಿದ್ರೂ ಮಸುಕು ಮಸುಕಾಗೇ ಇದ್ರೆ ಒಳಗಿರೋ ಚಿತ್ರನೇ ಚಿಕ್ಕದು. ನೀವು ಕ್ಯಾಲಿಬರ್ ಅನ್ನೋ ಇ-ಪುಸ್ತಕದ ಪ್ರೋಗ್ರಾಮಲ್ಲಿ ಕನ್ವರ್ಟ್ ಮಾಡಿದ್ರೆ ತಪ್ಪು ಅಲ್ಲೇ ಆಗಿರಬಹುದು, ಔಟ್‌ಪುಟ್ ಪ್ರೊಫೈಲಲ್ಲಿ ಯಾವುದೋ ಹಳೇ ಸಣ್ಣ ಪರದೆಯ ರೀಡರ್ ಆಯ್ಕೆ ಆಗಿದ್ರೆ ದೊಡ್ಡ ಚಿತ್ರಗಳನ್ನೆಲ್ಲ ಆ ಪರದೆಗೆ ತಕ್ಕಂಗೆ ಕುಗ್ಗಿಸಿಬಿಡತ್ತೆ. ಟ್ಯಾಬ್ಲೆಟ್ ಪ್ರೊಫೈಲ್ ಇಟ್ಟು ಇನ್ನೊಂದ್ಸಲ ಮಾಡಿ ನೋಡಿ, ಅದು ಚಿತ್ರದ ಸೈಜ್ ಮುಟ್ಟಲ್ಲ. ಇದು ಗೊತ್ತಿಲ್ದೆ ನಾನು ಒಂದು ಗಿಡಮೂಲಿಕೆ ಪುಸ್ತಕದ ಚಿತ್ರಗಳನ್ನೆಲ್ಲ ಹಾಳು ಮಾಡ್ಕೊಂಡು, ರೀಡರ್ ಸರಿ ಇಲ್ಲ ಅಂತ ಅಂಗಡಿಯವರ ಹತ್ರ ಹೋಗಿ ಜಗಳ ಬೇರೆ ಆಡಿದ್ದೆ.

ಹಳೇ ದಿನಪತ್ರಿಕೆ ಸ್ಕ್ಯಾನ್ ಓದ್ಬೇಕು ಅಂತಿದ್ರೆ ಮಾತ್ರ ಈ ಯಾವ ಸರ್ಕಸ್ಸೂ ಬೇಡ, 6 ಇಂಚಲ್ಲಿ ಆಗಲ್ಲ, ಮನೇಲಿರೋ ಲ್ಯಾಪ್‌ಟಾಪಲ್ಲೇ ನೋಡಿ.