ಊಟದ ಬೆನ್ನಿಗೇ ಚಹಾ

ಪ್ರಶ್ನೆ: ನನಗೆ 34 ವರ್ಷ. ಹಿಮೋಗ್ಲೋಬಿನ್ 9 ಇದೆ. ಎರಡು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿದ್ದೇನೆ, ರೊಟ್ಟಿ, ಬೇಳೆ, ಪಲ್ಯ ಎಲ್ಲಾ ತಿನ್ನುತ್ತೇನೆ. ಆದರೂ ಏರುತ್ತಿಲ್ಲ. ಯಾಕೆ?
– ಓದುಗರೊಬ್ಬರು, ಸೇಡಂ

ಉತ್ತರ: ಮಾತ್ರೆ ಯಾವಾಗ ತಗೊಳ್ತೀರಿ ಅಂತ ಬರೆದೇ ಇಲ್ಲವಲ್ಲ ತಂಗಿ! ನಮ್ಮ ಕಡೆ ಉಂಡ ಕೈ ಒಣಗುವ ಮೊದಲೇ ಚಹಾ ಬರುತ್ತದೆ, ಅಲ್ವಾ? ನನಗೆ ಅನುಮಾನ ಅದರ ಮೇಲೇ. ಚಹಾದ ಒಗರು ಜೋಳ, ತೊಗರಿಬೇಳೆಯಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರುಳಿಗೆ ಸಿಗುವುದು ಕಡಿಮೆ. ಕಲಬುರಗಿಯಲ್ಲಿ ಬಾಣಂತಿಯಾಗಿದ್ದಾಗ ನಾನೂ ಚಹಾದ ಜೊತೆಗೇ ಮಾತ್ರೆ ನುಂಗಿದವಳು. ಅವ್ವ ಬೈದರೂ ಕೇಳಲಿಲ್ಲ.

ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಬಿಡಿ. ಬೇಳೆಗೆ ನಿಂಬೆಹಣ್ಣು ಹಿಂಡಿ, ಅದರ ಸಿ ವಿಟಮಿನ್ ಕಬ್ಬಿಣ ಹೀರಲು ನೆರವಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಯೂ ಇದ್ದರೆ ಅದು ಬೇರೆ ಹೊತ್ತಿಗೆ, ಎರಡೂ ಒಟ್ಟಿಗೆ ಬೇಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಲೆಕ್ಕದಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19. ಮನೆಯಲ್ಲಿ ಕೊನೆಗೆ ಉಳಿದದ್ದನ್ನು ಉಣ್ಣುವವರು ಯಾರು, ನೀವೇ ಹೇಳಿ!

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆಯಾ? ಹಾಗಿದ್ದರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮಾತ್ರೆಯಿಂದ ಮಲ ಕಪ್ಪಾದರೆ ಮಾತ್ರ ಗಾಬರಿ ಬೇಡ.